ಸಹಾಯ ಬೇಕು: ಅಪ್ಪನ ಅಸ್ಥಿ ಬಿಡಲು ಪಶ್ಚಿಮವಾಹಿನಿಗೆ ಹೋಗಬೇಕು

ಎಲ್ಲರಿಗೂ ನಮಸ್ಕಾರ. ಅಪ್ಪ ಹೋಗಿ ಇವತ್ತಿಗೆ ಆರು ದಿನ. ಹಾರ್ಟ್ ಅಟ್ಯಾಕ್. ಬೆಳಿಗ್ಗೆ ಹಾಲು ತಂದು ಕಾಫಿಗೆ ಕೂತವರು ಮತ್ತೆ ಏಳಲಿಲ್ಲ. ಅರ್ಧ ಕುಡಿದ ಆ ಲೋಟವನ್ನು ಅಮ್ಮ ಇನ್ನೂ ತೊಳೆಯಲು ಬಿಟ್ಟಿಲ್ಲ.

ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಪಶ್ಚಿಮಕ್ಕೆ ತಿರುಗಿ ಹರಿಯುತ್ತಾಳಲ್ವಾ, ಆ ಪಶ್ಚಿಮವಾಹಿನಿಯಲ್ಲೇ ಅಸ್ಥಿ ಬಿಡಬೇಕು ಅಂತಿದ್ದೇವೆ. ಅಜ್ಜನ ಅಸ್ಥಿಯನ್ನು ಅಪ್ಪ ಬಿಟ್ಟಿದ್ದೂ ಅಲ್ಲೇ. ನಾನು ಚಿಕ್ಕವನು, ಅವರ ಒದ್ದೆ ಪಂಚೆಯ ಅಂಚು ಹಿಡಿದು ನಿಂತಿದ್ದೆ. ಅಷ್ಟೇ ನೆನಪು. ಈಗ ಕೇಳೋಣ ಅಂದರೆ ಅವರೇ ಇಲ್ಲ.

ಇತ್ತೀಚೆಗೆ ಹೋಗಿಬಂದವರು ದಯವಿಟ್ಟು ತಿಳಿಸಿ. ಪುರೋಹಿತರು ಅಲ್ಲೇ ಸಿಗುತ್ತಾರಾ, ಮೊದಲೇ ಹೇಳಿರಬೇಕಾ? ಮನೆಯಿಂದ ಏನೇನು ತರಬೇಕು? ಅಮ್ಮನಿಗೆ ಮಂಡಿನೋವು ಜಾಸ್ತಿ. ಮೆಟ್ಟಿಲು ಇಳಿಯದೆ ನೀರಿನ ಹತ್ತಿರ ಹೋಗಲು ದಾರಿ ಇದೆಯಾ? ತಾನೂ ನೀರು ಮುಟ್ಟಿಯೇ ಅವರನ್ನು ಕಳಿಸಿಕೊಡಬೇಕು ಅನ್ನುತ್ತಿದ್ದಾಳೆ.