ಅಪ್‌ಡೇಟ್: ಸಿರುಗುಪ್ಪದ ತಾತನ ರೈಫಲ್ ಮಿಲಿಟರಿದಲ್ಲ
ತಾತನ ಇಶಾಪುರ ರೈಫಲ್ (ಬಂಗಾಳದ ಇಶಾಪುರ ಸರ್ಕಾರಿ ಕಾರ್ಖಾನೆಯದು) ಯುದ್ಧಕಾಲದ ಸೈನ್ಯದ್ದಾ, ಬೆಲೆ ಎಷ್ಟಾದೀತು ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ. ಲೈಸೆನ್ಸ್ ಇರೋ ದೊಡ್ಡಪ್ಪನ ಜೊತೆ ಬಳ್ಳಾರಿಗೆ ಒಯ್ದು ಗನ್ ರಿಪೇರಿಯವರಿಗೆ ತೋರಿಸಿದೆ.

ನಳಿಗೆ ಮೇಲೆ .315 (ತೋಟಾ ಅಳತೆ, ಇಂಚಿನಲ್ಲಿ) ಅಂತಿದೆ. ಯುದ್ಧಕಾಲದ ಲೀ-ಎನ್‌ಫೀಲ್ಡ್ (ಬ್ರಿಟಿಷ್ ಸೈನ್ಯದ ರೈಫಲ್) ಆಗಿದ್ದರೆ .303 ಇರಬೇಕಿತ್ತು. ಸೈನ್ಯದ ತೋಟಾ ಸಾಮಾನ್ಯರ ಬಂದೂಕಿಗೆ ಹೊಂದಬಾರದು ಅಂತಲೇ ಈ ಬೇರೆ ಅಳತೆ. ಬೋಲ್ಟ್ (ತೋಟಾ ತುಂಬಿಸೋಕೆ ಹಿಂದೆ ಮುಂದೆ ಎಳೆಯೋ ಭಾಗ) ವ್ಯವಸ್ಥೆ ಮಾತ್ರ ಲೀ-ಎನ್‌ಫೀಲ್ಡ್‌ದೇ.

ನೀವು ಹೇಳಿದಂಗೆ ಸೀರಿಯಲ್ ನಂಬರ್ ನೋಡಿದೆ. ಬೋಲ್ಟ್ ಹಿಡಿ, ಬಾಡಿ ಎರಡರ ಮೇಲೂ ಒಂದೇ, ಅಂದರೆ ಬೋಲ್ಟ್ ಮೂಲದ್ದೇ. ಅಷ್ಟು ಸಮಾಧಾನ. ಆದರೆ ಯಾರೋ ಪುಣ್ಯಾತ್ಮರು ಅಗಸೆ ಎಣ್ಣೆ ಕುಡಿದ ಹಳೇ ಕಟ್ಟಿಗೆಗೆ, ಬಾಗಿಲಿಗೆ ಹೊಡೆದಂಗೆ, ಫಳಫಳ ವಾರ್ನಿಷ್ ಹೊಡೆದಿದಾರೆ (ಮಾವನ ಮೇಲೇ ಅನುಮಾನ). ಸಂಗ್ರಹಕಾರರಿಗೆ ಮೂಲ ರೂಪವೇ ಬೇಕು, ಹಾಗಾಗಿ ಅವರು ಕೊಡೋ ಬೆಲೆ ಅಲ್ಲೇ ಬಿತ್ತು. ಕೊಳ್ಳೋರಿಗೂ ಲೈಸೆನ್ಸ್ ಬೇಕು, ಹಾಗಾಗಿ ಗಿರಾಕಿಯೂ ಕಡಿಮೆ. ಮಾರೋ ವಿಚಾರ ಬಿಟ್ಟೆವು.