ಅಣ್ಣನಿಗೆ ಮೂತ್ರಪಿಂಡ ಕೊಡಲು ಹಿಂಜರಿದರೆ ತಪ್ಪೇ?

ಪ್ರಶ್ನೆ: ಅಣ್ಣ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಾನೆ. ಅವನ ತೋಳಿನ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸಿದ ಜಾಗ) ಮೇಲೆ ಬೆರಳಿಟ್ಟರೆ ರಕ್ತ ಗುಂಯ್ ಎಂದು ನಡುಗುವುದು ತಿಳಿಯುತ್ತದೆ. ಕರುಳು ಚುರ್ ಎನ್ನುತ್ತದೆ. ಮನೆಯಲ್ಲಿ ರಕ್ತದ ಗುಂಪು ಹೊಂದುವುದು ನನ್ನದೊಂದೇ. ಯಾರೂ ಬಾಯಿಬಿಟ್ಟು ಕೇಳಿಲ್ಲ. ಆದರೆ ಅಮ್ಮ ಬಡಿಸುವಾಗ ಸೌಟು ಹಿಡಿದು ನನ್ನನ್ನೇ ನೋಡುತ್ತಾ ನಿಂತುಬಿಡುತ್ತಾರೆ. ನನಗಿನ್ನೂ ಮಕ್ಕಳಾಗಿಲ್ಲ, ಭಯವಿದೆ. ಹೀಗೆ ಕೊಟ್ಟರೆ ಅದು ದಾನವೇ?

ಉತ್ತರ 1: ನಾನು ತಮ್ಮನಿಗೆ ಕೊಟ್ಟು ಒಂಬತ್ತು ವರ್ಷವಾಯಿತು. ಉಳಿದ ಮೂತ್ರಪಿಂಡ ಹಿಗ್ಗಿ ಹೆಚ್ಚಿನ ಕೆಲಸ ಹೊತ್ತುಕೊಳ್ಳುತ್ತದೆ, ನಿಜ. ಆದರೆ ದಾನದ ನಂತರ ಬಸಿರಾದರೆ ರಕ್ತದೊತ್ತಡ ಏರುವ ಅಪಾಯ ಸ್ವಲ್ಪ ಹೆಚ್ಚು. ಇದನ್ನು ವಿಚಾರಿಸದೆ ಸಹಿ ಹಾಕಬೇಡಿ ತಂಗಿ.

ಉತ್ತರ 2: 1954ರಲ್ಲಿ ಬಾಸ್ಟನ್‌ನಲ್ಲಿ ಅವಳಿ ಸಹೋದರರ ನಡುವೆ ಮೂತ್ರಪಿಂಡದ ಕಸಿ ಮೊದಲ ಬಾರಿ ಯಶಸ್ವಿಯಾದಾಗಲೂ ವೈದ್ಯರ ಮುಂದಿದ್ದ ಪ್ರಶ್ನೆ ಇದೇ: ಆರೋಗ್ಯವಂತನ ಮೈಗೆ ಕತ್ತರಿ ಹಾಕುವುದು ಸರಿಯೇ? ಅದಕ್ಕೇ ದಾನಿಯನ್ನು ಒಂಟಿಯಾಗಿ ಕೂರಿಸಿ ಮಾತನಾಡಿಸಬೇಕು. ಮನಸ್ಸಿಲ್ಲ ಎಂದರೆ, ಕಾರಣ ಬಯಲು ಮಾಡದೆ ‘ಇವರು ದಾನಕ್ಕೆ ಸೂಕ್ತರಲ್ಲ’ ಎಂದಷ್ಟೇ ಮನೆಯವರಿಗೆ ತಿಳಿಸುವ ವೈದ್ಯರಿದ್ದಾರೆ.

ಪ್ರಶ್ನೆ ಕೇಳಿದವರು: ಒಂಟಿಯಾಗಿ ಮಾತನಾಡಬಹುದೆಂದು ಗೊತ್ತಿರಲಿಲ್ಲ. ಸೋಮವಾರ ಅಮ್ಮನನ್ನು ಹೊರಗೆ ಕೂರಿಸಿ ಒಳಗೆ ಹೋಗುತ್ತೇನೆ.