ಟ್ರ್ಯಾಕ್ಟರ್ ಡೋಜರ್ ಬ್ಲೇಡಿಗೆ ಹೊಸ ಕಟಿಂಗ್ ಎಡ್ಜ್: ಯಾವುದು ಹಾಕಿಸೋಣ?

ಶ್ರೀನಿವಾಸಪುರದಿಂದ ಪ್ರಶ್ನೆ:
ನಮ್ಮ 50 ಎಚ್‌ಪಿ ಟ್ರ್ಯಾಕ್ಟರಿಗೆ ಮುಂದೆ 6 ಅಡಿಯ ಡೋಜರ್ ಬ್ಲೇಡ್ ಇದೆ. ಮಾವಿನ ತೋಪಿನ ಗರಸು ದಾರಿ ಸರಿ ಮಾಡಲು, ಕೆರೆ ಹೂಳು ಹೊಲಕ್ಕೆ ಹರಡಲು, ಕೊಟ್ಟಿಗೆ ಮುಂದಿನ ಕಾಂಕ್ರೀಟ್ ಅಂಗಳದಲ್ಲಿ ಸಗಣಿ ತಳ್ಳಲು, ಎಲ್ಲಕ್ಕೂ ಅದೇ. ಕೆಳಗಿನ ಎಡ್ಜ್, ಅಂದರೆ ನೆಲ ಕೆರೆಯುವ ಪಟ್ಟಿ, ಸವೆದು ಬೋಲ್ಟಿನ ತಲೆ ನೆಲಕ್ಕೆ ಉಜ್ಜುತ್ತಿದೆ. ವೆಲ್ಡಿಂಗ್ ಅಂಗಡಿಯವರು ಹಳೆ ಲಾರಿ ಕಮಾನು ಪಟ್ಟಿ ಬೆಸೆದು ಕೊಡುತ್ತೇನೆ ಅನ್ನುತ್ತಾರೆ. ಪಕ್ಕದೂರಿನವರು ಹಾರ್ಡಾಕ್ಸ್ (ಬೇಗ ಸವೆಯದ ಗಡಸು ಉಕ್ಕಿನ ಪ್ಲೇಟ್) ಹಾಕಿಸಿ ಅನ್ನುತ್ತಾರೆ. ಹಾಕಿಸಿದವರು ಇದ್ದರೆ ಹೇಳಿ.

ಮಾಲೂರಿನಿಂದ:
ಮೊದಲು ಕೆಲಸ ನಿಲ್ಲಿಸಿ. ಬೋಲ್ಟಿನ ತಲೆ ಉಜ್ಜುತ್ತಿದೆ ಅಂದರೆ ಇನ್ನು ಸ್ವಲ್ಪದರಲ್ಲೇ ಬ್ಲೇಡಿನ ಸ್ವಂತ ತಗಡು ಸವೆಯಲು ಶುರು. ಎಡ್ಜ್ ಬದಲಾಯಿಸುವುದು ಒಂದು ಖರ್ಚು, ಬ್ಲೇಡ್ ಕೆಳಭಾಗ ಕತ್ತರಿಸಿ ಹೊಸದು ಕೂರಿಸುವುದು ಬೇರೆಯೇ ಖರ್ಚು.

ಮುಳಬಾಗಿಲಿನಿಂದ:
ನಾನು ಬಾಡಿಗೆಗೆ ಟ್ರ್ಯಾಕ್ಟರ್, ಬ್ಯಾಕ್‌ಹೋ ಎರಡನ್ನೂ ಓಡಿಸುತ್ತೇನೆ. ಯಾವ ಕಬ್ಬಿಣ ಅನ್ನುವುದಕ್ಕಿಂತ ಮುಂಚೆ ಯಾವ ನೆಲ ಅಂತ ಕೇಳಬೇಕು. ಕೆರೆ ಹೂಳು ಮೆತ್ತಗಿರುತ್ತದೆ, ಅದರಲ್ಲಿ ಎಡ್ಜ್ ಅಷ್ಟಾಗಿ ಸವೆಯುವುದಿಲ್ಲ. ಸವೆಸುವುದು ನಮ್ಮ ಕೆಂಪು ಗರಸು. ಅದರಲ್ಲಿ ಬೆಣಚುಕಲ್ಲಿನ ಚೂರು ಜಾಸ್ತಿ. ಬೆಣಚುಕಲ್ಲಿನ ಗಡಸುತನ ಮೋಸ್ ಅಳತೆಯಲ್ಲಿ 10ಕ್ಕೆ 7. ಸಾದಾ ಕಬ್ಬಿಣ ಅದರ ಮುಂದೆ ಏನೂ ಅಲ್ಲ.

ಸಾದಾ ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕು) ಪ್ಲೇಟ್ ಬ್ರಿನೆಲ್ ಲೆಕ್ಕದಲ್ಲಿ, ಅಂದರೆ ಲೋಹದ ಗಡಸುತನದ ಅಳತೆಯಲ್ಲಿ, 120ರಿಂದ 150ರ ಸುತ್ತ ಇರುತ್ತದೆ. ಹಾರ್ಡಾಕ್ಸ್ 450 ಅಂದರೆ 425ರಿಂದ 475. ಕಾಯಿಸಿ ತಣಿಸಿ ಹದ ಮಾಡಿದ ಬೋರಾನ್ ಸ್ಟೀಲ್ (ಬೋರಾನ್ ಬೆರೆಸಿದ ಉಕ್ಕು) ಎಡ್ಜ್ ಕೂಡ ಹೆಚ್ಚುಕಡಿಮೆ ಅದೇ ಸಾಲಿನಲ್ಲಿ ಬರುತ್ತದೆ. ಬ್ಯಾಕ್‌ಹೋ ಬಕೆಟ್ಟಿಗೆ ರೆಡಿಮೇಡ್ ಸಿಗುವುದು ಹೆಚ್ಚಾಗಿ ಅದೇ. ಗರಸು ದಾರಿ ನಿಮ್ಮ ಮುಖ್ಯ ಕೆಲಸ ಆದರೆ ಇವೆರಡರಲ್ಲಿ ಒಂದಕ್ಕೆ ಹೋಗಿ. ಇನ್ನೂ ಗಟ್ಟಿ ಬೇಕು ಅಂತ 500, 600 ಹುಡುಕಬೇಡಿ. ನಮ್ಮ ಕಡೆ ಎಲ್ಲಿ ಅಗೆದರೂ ಬಂಡೆ ತಲೆ ಎತ್ತುತ್ತದೆ. ಗಡಸು ಹೆಚ್ಚಿದಷ್ಟೂ ಏಟಿಗೆ ಬಿರುಕು ಬಿಡುವ ಭಯ ಹೆಚ್ಚು.

ಕಮಾನು ಪಟ್ಟಿ ವಿಷಯ. ಅದು ಒಳ್ಳೆ ಉಕ್ಕೇ, ಸುಳ್ಳಲ್ಲ. ಆದರೆ ಕಾರ್ಬನ್ ಜಾಸ್ತಿ. ಸರಿಯಾಗಿ ಬಿಸಿ ಮಾಡದೆ ಬೆಸೆದರೆ ವೆಲ್ಡಿನ ಪಕ್ಕದಲ್ಲೇ ಗಾಜಿನಂತೆ ಸಿಡಿಯುತ್ತದೆ. ಬೆಸುಗೆ ಕಾವು ತಾಗಿದ ಕಡೆ ಇದ್ದ ಹದವೂ ಹೋಗುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ಮುಂದಿನ ಸಲ ಬದಲಾಯಿಸುವಾಗ. ಬೆಸೆದದ್ದನ್ನು ಗ್ಯಾಸಿನಲ್ಲಿ ಕತ್ತರಿಸಿ ತೆಗೆಯಬೇಕು, ಬ್ಲೇಡ್ ತಗಡು ಸೊಟ್ಟಗಾಗುತ್ತದೆ. ಬೋಲ್ಟ್ ಹಾಕುವ ಎಡ್ಜ್ ಆದರೆ ಸ್ಪ್ಯಾನರ್ ಸಾಕು. ಒಂದು ಕಡೆ ಸವೆದರೆ ತಿರುವಿ ಹಾಕಿ ಇನ್ನೊಂದು ಬಾಯಿ ಬಳಸಬಹುದು.

ತೂಕಾನೂ ನೋಡಿ. 6 ಅಡಿ ಉದ್ದ, 6 ಇಂಚು ಅಗಲ, 12 ಎಂಎಂ ದಪ್ಪದ ಪಟ್ಟಿ ಸುಮಾರು 26 ಕೆಜಿ. 16 ಎಂಎಂ ಆದರೆ 35 ಕೆಜಿ ಹತ್ತಿರ. ಅಂಗಡಿಯವರು ಕೆಜಿ ಲೆಕ್ಕದಲ್ಲಿ ಮಾರುವುದರಿಂದ ಈ ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಹಾರ್ಡಾಕ್ಸ್ ಅಂತ ಕೊಟ್ಟರೆ ಅರ ಹಾಕಿ ನೋಡಿ. ಎಂಎಸ್ ತುಂಡಿನ ಮೇಲೆ ಒಂದು ಸಲ, ಅದರ ಮೇಲೆ ಒಂದು ಸಲ. ಎರಡರಲ್ಲೂ ಒಂದೇ ಸಮ ಕಚ್ಚಿದರೆ ವಾಪಸ್ ಬನ್ನಿ.

ಕೆಜಿಎಫ್‌ನಿಂದ:
ಡೋಜರ್ ಕೆಲಸದಲ್ಲೇ ಕೂದಲು ಬೆಳ್ಳಗಾದವನು ನಾನು. ಎಲ್ಲರೂ ಪ್ಲೇಟಿನ ಬಗ್ಗೆ ಮಾತಾಡುತ್ತಾರೆ, ಬೋಲ್ಟನ್ನು ಮರೆಯುತ್ತಾರೆ. ಸಾದಾ ಷಡ್ಭುಜ ತಲೆಯ ಬೋಲ್ಟ್ ಹಾಕಿದರೆ ತಲೆ ಹೊರಗೇ ನಿಂತು ಸವೆದು ಹೋಗುತ್ತದೆ. ಪ್ಲೌ ಬೋಲ್ಟ್ ಕೇಳಿ. ತಲೆ ಎಡ್ಜಿನೊಳಗೆ ಸಮವಾಗಿ ಕೂರುತ್ತದೆ, ಕತ್ತು ಚೌಕ ಇರುತ್ತದೆ. ಆ ಚೌಕ ಕತ್ತಿಗೆ ಚೌಕ ತೂತೇ ಬೇಕು. ಗ್ಯಾಸ್ ಕಟರಿನಲ್ಲಿ ಅಂದಾಜಿಗೆ ತೂತು ಹೊಡೆದರೆ ನಟ್ ಬಿಗಿಮಾಡುವಾಗ ಬೋಲ್ಟೇ ತಿರುಗುತ್ತದೆ. ತೂತು ಹಾಕಿಯೇ ಬರುವ ಎಡ್ಜ್ ತೆಗೆದುಕೊಳ್ಳಿ, ಇಲ್ಲವೇ ಬೆಂಗಳೂರಿನ ಪೀಣ್ಯದಲ್ಲಿ ಪ್ರೊಫೈಲ್ ಕಟಿಂಗ್ (ಪ್ಲೇಟನ್ನು ಬೇಕಾದ ಆಕಾರಕ್ಕೆ ಯಂತ್ರದಲ್ಲಿ ಕತ್ತರಿಸುವುದು) ಮಾಡುವವರ ಹತ್ತಿರ ಮಾಡಿಸಿ. ಬಾಯಿಯನ್ನು ಮಾತ್ರ ಗ್ಯಾಸಿನಲ್ಲಿ ಚೂಪು ಮಾಡಿಸಬೇಡಿ. 250 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಾರ್ಡಾಕ್ಸ್ 450 ಪ್ಲೇಟಿನ ಗಡಸುತನ ಕೆಳಗಿಳಿಯುತ್ತದೆ. ಹಾಗಾದರೆ ದುಡ್ಡು ಕೊಟ್ಟು ತಂದದ್ದು ಯಾಕೆ?

ಹಳೆ ಬೋಲ್ಟ್ ಮತ್ತೆ ಹಾಕಬೇಡಿ. ಬ್ಲೇಡಿನ ಮುಖದ ಮೇಲಿನ ತುಕ್ಕು, ಮಣ್ಣು ಕೆರೆದು ತೆಗೆಯಿರಿ, ಸಂದು ಉಳಿದರೆ ಎಡ್ಜ್ ಅಲ್ಲಾಡುತ್ತದೆ. ನಡುವಿನ ಬೋಲ್ಟಿನಿಂದ ಶುರು ಮಾಡಿ ಹೊರಗಡೆಗೆ ಬಿಗಿಮಾಡಿ. ಒಂದು ದಿನ ಕೆಲಸ ಆದ ಮೇಲೆ ಮತ್ತೆ ಬಿಗಿಮಾಡಿ.

ಚಿಂತಾಮಣಿಯಿಂದ:
ಎಲ್ಲರೂ ಹಾರ್ಡಾಕ್ಸ್ ಅಂತೀರಲ್ಲ. ವರ್ಷಕ್ಕೆ ನಾಲ್ಕಾರು ದಿನ ಹೂಳು ಹರಡುವವರಿಗೆ ಎಂಎಸ್ ಪ್ಲೇಟೇ ಸಾಕು, ಸುಮ್ನೆ ದುಡ್ಡು ಯಾಕೆ? ಊರಿನಲ್ಲೇ ಸಿಗುತ್ತದೆ, ಊರಿನಲ್ಲೇ ಡ್ರಿಲ್ ಆಗುತ್ತದೆ.

ಮುಳಬಾಗಿಲಿನಿಂದ:
ಹೂಳು ಮಾತ್ರ ಆದರೆ ಒಪ್ಪುತ್ತೇನೆ. ಅವರು ಗರಸು ದಾರಿ ಅಂತಲೂ ಬರೆದಿದ್ದಾರೆ, ಅಲ್ವಾ?

ಬಂಗಾರಪೇಟೆಯಿಂದ:
ಕಾಂಕ್ರೀಟ್ ಅಂಗಳದ ಬಗ್ಗೆ ಯಾರೂ ಹೇಳಲಿಲ್ಲ. ಸೇನೆಯಲ್ಲಿದ್ದಾಗ ಲಡಾಖಿನ ಕಡೆ ಹಿಮ ತಳ್ಳುವ ಲಾರಿಗಳನ್ನು ಹತ್ತಿರದಿಂದ ನೋಡಿದ್ದೇನೆ. ಅಲ್ಲೂ ಇದೇ ಚರ್ಚೆ. ಗಟ್ಟಿಯಾದ ಹಿಮ ಕೆರೆಯಲು ಉಕ್ಕಿನ ಎಡ್ಜ್ ಬೇಕು. ಕಾರ್ಬೈಡ್ (ಉಕ್ಕಿಗಿಂತ ತುಂಬಾ ಗಡಸಾದ ವಸ್ತು) ಕೂರಿಸಿದ್ದು ಬಹಳ ಕಾಲ ಬರುತ್ತದೆ, ಆದರೆ ಕಲ್ಲಿಗೆ ಬಡಿದರೆ ಚಕ್ಕೆ ಏಳುತ್ತದೆ. ನೆಲ ಹಾಳಾಗಬಾರದು ಅನ್ನುವ ಕಡೆ ರಬ್ಬರ್. ರಬ್ಬರ್ ಗಟ್ಟಿ ಹಿಮವನ್ನು ಕೆರೆಯುವುದಿಲ್ಲ, ಮೇಲಿನ ಸಡಿಲ ಹಿಮವನ್ನು ಮಾತ್ರ ಒರೆಸಿಕೊಂಡು ಹೋಗುತ್ತದೆ.

ನಿಮ್ಮ ಸಗಣಿಗೆ ಬೇಕಿರುವುದು ಅಷ್ಟೇ. ಜಲ್ಲಿ ಕ್ರಷರಿನವರ ಹತ್ತಿರ ಹಳೆ ಕನ್ವೇಯರ್ ಬೆಲ್ಟ್ ಸಿಗುತ್ತದೆ. ಎರಡು ಪದರ ಮಾಡಿ, ಮೇಲೆ ಒಂದು ಕಬ್ಬಿಣದ ಪಟ್ಟಿ ಇಟ್ಟು, ಎಡ್ಜಿನ ಬೋಲ್ಟಿಗೇ ಬಿಗಿಯಬಹುದು, ಬೋಲ್ಟ್ ಮಾತ್ರ ಅಷ್ಟು ಉದ್ದದ್ದು ತನ್ನಿ. ಉಕ್ಕಿಗಿಂತ ಎರಡು ಇಂಚು ಕೆಳಗೆ ಬರಲಿ. ದಾರಿ ಕೆಲಸಕ್ಕೆ ಹೋಗುವಾಗ ಬಿಚ್ಚಿಡಿ. ಬರೀ ಉಕ್ಕಿನಲ್ಲಿ ಅಂಗಳ ಕೆರೆದರೆ ಕಾಂಕ್ರೀಟಿನ ಮೇಲ್ಪದರ ಎದ್ದು ಗುಂಡಿ ಬೀಳುತ್ತದೆ, ದನದ ಕಾಲಿಗೂ ತೊಂದರೆ.

ಶ್ರೀನಿವಾಸಪುರದಿಂದ:
ಎಲ್ಲರಿಗೂ ಥ್ಯಾಂಕ್ಸ್. ಬೋಲ್ಟ್ ಹಾಕುವ 12 ಎಂಎಂ, 450ರದ್ದೇ ಮಾಡಿಸುತ್ತೇನೆ. ಬೆಲ್ಟಿಗೆ ಕ್ರಷರ್ ಹತ್ತಿರ ಹೇಳಿದ್ದೇನೆ. ಒಂದೇ ಉದ್ದ ಪಟ್ಟಿಯೋ, ಎರಡು ತುಂಡೋ?

ಕೆಜಿಎಫ್‌ನಿಂದ:
3 ಅಡಿಯ ಎರಡು ತುಂಡು. ಬ್ಲೇಡನ್ನು ಯಾವಾಗಲೂ ಒಂದೇ ಕಡೆಗೆ ಓರೆ ಇಟ್ಟು ಓಡಿಸುವವರಿಗೆ ಒಂದು ತುದಿ ಬೇಗ ಸವೆಯುತ್ತದೆ. ತೂತುಗಳು ಎರಡೂ ಬದಿಯಿಂದ ಸಮನಾಗಿದ್ದರೆ ಎಡದ್ದು ಬಲಕ್ಕೆ ಹಾಕಬಹುದು. ಅಳತೆಯನ್ನು ಹಳೆ ಎಡ್ಜಿನಿಂದ ತೆಗೆಯಬೇಡಿ, ಅದರ ತೂತು ಎಳೆದು ಉದ್ದ ಆಗಿರುತ್ತದೆ. ಬ್ಲೇಡಿನ ಮೇಲೆ ರಟ್ಟು ಒತ್ತಿ ಅಚ್ಚು ತೆಗೆದು, ಅದನ್ನೇ ಪೀಣ್ಯಕ್ಕೆ ತೆಗೆದುಕೊಂಡು ಹೋಗಿ.